ಮೇಷ್ಟ್ರ ಗೋಡೆಯ ಒಂದೇ ಮೊಳೆ

ಬುಡಾಪೆಸ್ಟ್, 9 ಸೆಪ್ಟೆಂಬರ್ 1992

ಪ್ರೀತಿಯ ಬೋರಿ,

ಮೊದಲು ಅಭಿನಂದನೆ. ಅದನ್ನು ಬರೆದು ಮುಗಿಸಿಬಿಟ್ಟರೆ ಉಳಿದದ್ದನ್ನು ನೆಮ್ಮದಿಯಾಗಿ ಬರೆಯಬಹುದು.

ಬೇಸಿಗೆ ರಜೆ ಮುಗಿಸಿ ನಿನ್ನೆ ವಿಭಾಗಕ್ಕೆ ಹೋದೆ. ಓಡೋನ್ ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಅವರ ಮೇಜಿನ ಎದುರು ಗೋಡೆಯಲ್ಲಿ ಇರುವುದು ಒಂದೇ ಮೊಳೆ. ಆ ಮೊಳೆಗೆ ನೀನು ಗ್ರೆನೋಬಲ್‌ನಿಂದ ಕಳಿಸಿದ ಚಿತ್ರ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು.

ಒಂಬತ್ತು ವರ್ಷ ಅಲ್ಲಿ ನನ್ನ ಚಿತ್ರ ಇತ್ತು. ನಿನಗೆ ಮರೆತಿರಲಾರದು. ನಾವಿಬ್ಬರೂ ಮೇಷ್ಟ್ರ ಕೈಕೆಳಗೆ ಓದುತ್ತಿದ್ದಾಗ ನಾನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದ ತಾಮ್ರದ ಚಿತ್ರ. ಎಳೆದು ದಣಿಸಿದ ತಾಮ್ರದ ಚೂರನ್ನು ಆಮ್ಲದಲ್ಲಿ ಸವೆಸಿ ಸವೆಸಿ, ತೂತು ಬೀಳುವುದಕ್ಕೆ ಒಂದು ಉಸಿರು ಮುಂಚೆ ನಿಲ್ಲಿಸಬೇಕಿತ್ತು. ಇಡೀ ಚಳಿಗಾಲ ತೂತುಗಳನ್ನೇ ಮಾಡಿದೆ. ಕಡೆಗೆ ಬಂದದ್ದು ಆ ಒಂದು ಚಿತ್ರ.

ನಾನು ಗೋಡೆ ನೋಡುತ್ತಿರುವುದನ್ನು ಕಂಡು ಮೇಷ್ಟ್ರು, "ಚೆನ್ನಾಗಿದೆ ಅಲ್ವೇನೇ? ಗೋಡೆ ಬೋಳು ಬೋಳಾಗಿ ಕಾಣ್ತಿತ್ತು, ಬೋರೀದು ಹಾಕ್ಬಿಟ್ಟೆ" ಅಂದರು. ಬೋಳು! ನನ್ನ ಒಂಬತ್ತು ವರ್ಷ ಅವರ ಕಣ್ಣಿಗೆ ಬೋಳಾಗಿ ಕಂಡಿತು. ನನ್ನದನ್ನು ಎಲ್ಲಿಟ್ಟಿದ್ದೀರಿ ಅಂತ ನಾನು ಕೇಳಲಿಲ್ಲ. ಕೇಳುವವಳೂ ಅಲ್ಲ. ಬೀರುವಿನ ಹಿಂದೆ ಇರಬೇಕು, ಇಲ್ಲವೇ ನೆಲಮಾಳಿಗೆಯಲ್ಲಿ ಕಾಲು ಮುರಿದ ಕುರ್ಚಿಗಳ ಜೊತೆ.

ಮನೆಗೆ ಬಂದರೆ ಅಮ್ಮ ಪೇಪರ್ ಹಿಡಿದು ಕಾಯುತ್ತಿದ್ದಳು. "ನೋಡೇ, ನಮ್ಮ ಬೋರಿ ಪೇಪರ್‌ನಲ್ಲಿ ಬಂದಿದಾಳೆ! ಕಂಪ್ಯೂಟರ್ ಒಳಗೇ ತಾಮ್ರ ಬಗ್ಗಿಸ್ತಾಳಂತೆ. ನೀನು ಕತ್ತಲೇಲಿ ಕೂತ್ಕೊಂಡು ಆ ಕೊಳವೇಲಿ ಇಣುಕ್ತಾನೇ ಇರು." ಆಮೇಲೆ ನಿನ್ನ ಸಂದರ್ಶನವನ್ನು ಗಟ್ಟಿಯಾಗಿ ಓದಿ ಹೇಳಿದಳು, ನಾನು ಸೂಪು ಕುಡಿಯುತ್ತಿದ್ದಾಗ. ದೊಡ್ಡ ಜಮಖಾನವನ್ನು ಇಡಿಯಾಗಿ ಎಳೆಯಲಾಗದು, ಆದರೆ ಒಂದು ಸುಕ್ಕು ಮಾಡಿ ಆ ಸುಕ್ಕನ್ನು ನೂಕುತ್ತ ಹೋದರೆ ಜಮಖಾನ ತಾನೇ ಸರಿಯುತ್ತದೆ. ಲೋಹ ಬಗ್ಗುವುದೂ ಹಾಗೆಯೇ, ಪರಮಾಣುಗಳ ಸಾಲಿನಲ್ಲಿ ಬಿದ್ದ ಸುಕ್ಕುಗಳು, ಅಂದರೆ ಪಲ್ಲಟದ ಗೆರೆಗಳು, ಸರಿದಾಡುವುದರಿಂದ, ಅಂದಿದ್ದೀಯಂತೆ. ಬೋರಿ, ಆ ಜಮಖಾನ ನಮ್ಮ ಅಮ್ಮನದು. ನಮ್ಮ ಅಡುಗೆಮನೆಯಲ್ಲಿ, ನಿನ್ನ ಕಾಲ ಕೆಳಗಿನ ಜಮಖಾನವನ್ನೇ ನೂಕಿ ತೋರಿಸಿ ನಿನಗೆ ಅದನ್ನು ಹೇಳಿದವಳು ನಾನು. ಪೇಪರಿನವರು ಜಮಖಾನದ ಯಜಮಾನಿತಿಯ ಹೆಸರು ಕೇಳಲಿಲ್ಲವೇನೋ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನಗೆ ಈಗ ಚೆನ್ನಾಗಿ ಅರ್ಥವಾಗುತ್ತಿದೆ. ಇರಲಿ. ಚಿತ್ರ ಚೆಂದ ಇದೆ. ಗೆರೆಗಳೆಲ್ಲ ಗುಂಪುಗೂಡಿ ಗೋಡೆ ಕಟ್ಟಿಕೊಂಡಿವೆ, ನಡುನಡುವೆ ಖಾಲಿ ಕೋಣೆ ಬಿಟ್ಟಿವೆ, ನಿಜವಾದ ತಾಮ್ರದಲ್ಲಿ ಕಟ್ಟುವ ಹಾಗೆಯೇ. ನನ್ನದಕ್ಕಿಂತ ಅಂದವಾಗಿ ಕಟ್ಟಿವೆ, ಅದೇ ನನ್ನ ಹೊಟ್ಟೆ ಉರಿ. ಹೇಗೆ ಮಾಡಿದೆ, ಬರೆ.

ನಿನ್ನ,
ಎಟೆಲ್ಕಾ


ಗ್ರೆನೋಬಲ್, 27 ಸೆಪ್ಟೆಂಬರ್ 1992

ನನ್ನ ಮುಳ್ಳುಹಂದಿ ಎಟಾ,

ಕಾಗದ ಓದಿ ಬೆರಳಿಗೆಲ್ಲ ಮುಳ್ಳು ಚುಚ್ಚಿಕೊಂಡಿತು. ಇಲ್ಲಿ ಎಲ್ಲರೂ ಕಂಪ್ಯೂಟರಿನಲ್ಲೇ ಟಪಾಲು ಕಳಿಸುತ್ತಾರೆ. ನಿನ್ನೊಬ್ಬಳಿಗಾಗಿ ನಾನು ಅಂಚೆಚೀಟಿ ನೆಕ್ಕಬೇಕು. ಜಮಖಾನದ ವಿಷಯಕ್ಕೆ ಅಮ್ಮನ ಕ್ಷಮೆ ಕೇಳಿದ್ದೇನೆ ಅಂತ ಹೇಳು. ದಂಡವಾಗಿ ಒಂದು ಚೀಲ ಅಕ್ರೋಟು ಕಳಿಸುತ್ತಿದ್ದೇನೆ. ಈ ಊರಿನ ಅಕ್ರೋಟು ಹೆಸರುವಾಸಿ, ಕ್ರಿಸ್‌ಮಸ್ಸಿಗೆ ಹಿಟ್ಟಿನೊಳಗೆ ಹೂರಣ ತುಂಬಿ ಬೇಯ್ಗ್ಲಿ ಸುತ್ತಲಿ.

ಹೇಗೆ ಮಾಡಿದೆ ಅಂದೆಯಲ್ಲ, ಕೇಳು. ಕಂಪ್ಯೂಟರಿನೊಳಗೆ ಒಂದು ಚೌಕದ ಪೆಟ್ಟಿಗೆ. ಅದರೊಳಗೆ ಸಾವಿರಾರು ಗೆರೆಗಳನ್ನು ಕಾಳು ಚೆಲ್ಲಿದ ಹಾಗೆ ಚೆಲ್ಲಿಬಿಡುವುದು. ಒಂದು ಇನ್ನೊಂದನ್ನು ನೂಕುತ್ತದೆ, ಸೆಳೆಯುತ್ತದೆ. ಮೇಲಿನಿಂದ ನಾನು ಪೆಟ್ಟಿಗೆಯನ್ನು ಎಳೆಯುತ್ತೇನೆ. ಆಮೇಲೆ ಯಂತ್ರದ್ದೇ ಕೆಲಸ. ಎಲ್ಲ ಗೆರೆಗೂ ಉಳಿದೆಲ್ಲ ಗೆರೆಗಳ ನೂಕಾಟ ಲೆಕ್ಕ ಹಾಕಲು ಹೋದರೆ ಒಂದು ಚಿತ್ರಕ್ಕೆ ಒಂದು ಚಳಿಗಾಲ ಬೇಕು, ನಿನ್ನ ಹಾಗೆ. ಅದಕ್ಕೆ ಕತ್ತರಿ ಹಾಕಿದ್ದೇನೆ. ಪೆಟ್ಟಿಗೆಯ ಅಗಲದ ಎಂಟನೇ ಒಂದು ಪಾಲು ದೂರದೊಳಗೆ ಇರುವವರು ನೆಂಟರು, ಅವರ ಮಾತು ಕೇಳು. ಅದರಾಚೆ ಇರುವವರು ಯಾರೋ ಏನೋ, ಬಿಟ್ಟುಬಿಡು. ದೂರದವರ ನೂಕಾಟ ಹೇಗೂ ಕಡಿಮೆ. ಇಲ್ಲಿ ಎಲ್ಲರೂ ಮಾಡುವುದು ಹೀಗೆಯೇ.

ಒಂದು ಬೆಳಿಗ್ಗೆ ಬಂದು ಪರದೆ ನೋಡಿದರೆ ಕೋಣೆಗಳು! ಎಟಾ, ನಾನು ಕುಣಿದುಬಿಟ್ಟೆ. ಪಕ್ಕದ ಕೋಣೆಯವರು ಹಂಗೆರಿಯವಳಿಗೆ ಹುಚ್ಚು ಹಿಡಿಯಿತು ಅಂದುಕೊಂಡರು. ಬೇರೆ ಬೇರೆ ಎಳೆತದಲ್ಲಿ ತೆಗೆದ ಐದು ಚಿತ್ರ ಇದರ ಜೊತೆ ಇಟ್ಟಿದ್ದೇನೆ, ನಿನ್ನ ಕೋಣೆಗೆ. ನಿನ್ನ ಗೋಡೆಯಲ್ಲಿ ಮೊಳೆಗಳಿಗೆ ಬರವಿಲ್ಲ ತಾನೆ?

ಇನ್ನೊಂದು ಸುದ್ದಿ. ಬರುವ ಮೇ ತಿಂಗಳಲ್ಲಿ ಮೇಷ್ಟ್ರಿಗೆ ಎಪ್ಪತ್ತು ತುಂಬುತ್ತದಲ್ಲ, ಆ ಸಭೆಯ ಕೊನೆಯ ಉಪನ್ಯಾಸ ನನ್ನದಂತೆ. ಅವರೇ ಕೈಯಾರೆ ಕಾಗದ ಬರೆದಿದ್ದಾರೆ. ಬೇರೆಯವರು ಹೇಳುವ ಮೊದಲು ನಾನೇ ನಿನಗೆ ಹೇಳಬೇಕು ಅನಿಸಿತು.

ದೂರದ ಬೆಟ್ಟ ನುಣ್ಣಗೆ ಕಣೇ. ಇಲ್ಲಿಯವರು ನನ್ನ ಹೆಸರನ್ನು ಹಿಂದುಮುಂದು ಮಾಡಿ, ಮನೆತನದ ಹೆಸರನ್ನು ಕೊನೆಗೆ ಹಾಕಿ ಕರೆಯುತ್ತಾರೆ, ಐದು ವರ್ಷವಾದರೂ ಯಾರನ್ನೋ ಕರೆದರು ಅಂತ ತಿರುಗಿ ನೋಡುತ್ತೇನೆ.

ನಿನ್ನ,
ಬೋರಿ


ಬುಡಾಪೆಸ್ಟ್, 18 ನವೆಂಬರ್ 1992

ಬೋರಿ,

ಅಕ್ರೋಟು ಬಂತು. ಅಮ್ಮ ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡು, "ನಮ್ಮ ಕಡೇದಕ್ಕಿಂತ ಸಿಹಿ ಕಣೇ" ಅಂದಳು. ಅಕ್ರೋಟಿನಲ್ಲೂ ನೀನೇ ಗೆದ್ದೆ.

ಐದು ಚಿತ್ರವನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದೆ. ಇಷ್ಟಪಟ್ಟು ಇಟ್ಟುಕೊಂಡಿದ್ದೆ ಅಂತ ಸುಳ್ಳು ಹೇಳುವುದಿಲ್ಲ. ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುವ ಹಾಗೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಚಹಾ ಕುಡಿಯುತ್ತ ನೋಡಿದೆ, ಬ್ರೆಡ್ಡು ತಿನ್ನುತ್ತ ನೋಡಿದೆ. ಬೇರೆ ಯಾರೂ ನಿನ್ನ ಚಿತ್ರವನ್ನು ಇಷ್ಟು ಹೊತ್ತು ನೋಡಿರಲಾರರು. ಹೀಗೆ ನೋಡಿ ನೋಡಿ ಒಂದು ದಿನ ಸ್ಕೇಲು ತೆಗೆದೆ.

ಮೇಷ್ಟ್ರ ಮೊದಲ ಪಾಠ ನೆನಪಿದೆಯಾ? "ಎಳೆತ ಹೆಚ್ಚಿದಷ್ಟೂ ಕೋಣೆ ಕಿರಿದಾಗುತ್ತೆ. ಐವತ್ತರ ದಶಕ ನೆನಪಿಸ್ಕೊಳ್ರಪ್ಪ: ಸರ್ಕಾರ ಹಿಂಡಿದಷ್ಟೂ ನಮ್ಮ ಮನೆಗಳಲ್ಲಿ ಒಂದೊಂದು ಗೋಡೆ ಜಾಸ್ತಿ. ನಾಲ್ಕು ಸಂಸಾರ, ಒಂದು ಬಚ್ಚಲು." ನಾನು ನೋಡಿದ ಎಲ್ಲ ತಾಮ್ರವೂ ಈ ಮಾತು ಕೇಳಿದೆ. ಕಡಿಮೆ ಎಳೆದರೆ ದೊಡ್ಡ ಕೋಣೆ, ಜಾಸ್ತಿ ಎಳೆದರೆ ಸಣ್ಣ ಕೋಣೆ.

ನಿನ್ನ ಚಿತ್ರಗಳಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕೋಣೆಗಳನ್ನು ಎಣಿಸು. ಮೊದಲನೆಯದರಲ್ಲಿ ಎಂಟು. ಅದರ ಐದು ಪಟ್ಟು ಎಳೆದ ಕೊನೆಯದರಲ್ಲೂ ಎಂಟು. ಐದಕ್ಕೆ ಐದೂ ಎಂಟೇ. ನಿನ್ನ ಕತ್ತರಿಯ ದೂರ ಎಷ್ಟು ಅಂದಿದ್ದೆ? ಅಗಲದ ಎಂಟನೇ ಒಂದು ಪಾಲು. ಬೋರಿ, ಆ ಕೋಣೆಗಳನ್ನು ಕಟ್ಟಿದ್ದು ತಾಮ್ರ ಅಲ್ಲವೇನೋ ಅಂತ ನನಗೆ ಅನುಮಾನ. ಕಟ್ಟಿದ್ದು ನಿನ್ನ ಕತ್ತರಿ.

ಈಗ ನನ್ನ ಬಗ್ಗೆ ಒಂದು ಮಾತು. ಇದನ್ನು ಮೊದಲು ಮೇಷ್ಟ್ರಿಗೇ ಹೇಳಬೇಕು ಅಂತ ಹೊರಟಿದ್ದೆ. ಮೊನ್ನೆ ಅವರ ನಾಮದಿನ, ಕ್ಯಾಲೆಂಡರಿನಲ್ಲಿ ಓಡೋನ್ ಅಂತ ಹೆಸರಿರುವ ದಿನ. ವಿಭಾಗದವರೆಲ್ಲ ಅವರ ಕೋಣೆಯಲ್ಲಿ ಸೇರಿದ್ದರು. ಕುಡಿಯಲು ಪಾಲಿಂಕಾ ಬ್ರಾಂದಿ, ತಿನ್ನಲು ಬಿಸಿ ಪೋಗಾಚಾ ಬನ್ನು, ಹೂವು. ಸ್ಕೇಲು ನನ್ನ ಕೈಚೀಲದಲ್ಲೇ ಇತ್ತು. ಮೇಷ್ಟ್ರು ಲೋಟ ಹಿಡಿದು ನಿನ್ನ ಚಿತ್ರದ ಮುಂದೆ ನಿಂತು ಹೊಸ ಹುಡುಗರಿಗೆಲ್ಲ, "ಇದು ನನ್ನ ಹುಡುಗಿ ಮಾಡಿದ್ದು. ಮೈಕ್ರೋಸ್ಕೋಪ್ ಇಲ್ಲ, ಆಮ್ಲ ಇಲ್ಲ. ಬರೀ ತಲೆ!" ಅನ್ನುತ್ತಿದ್ದರು. ನಾನು ಚೀಲಕ್ಕೆ ಕೈ ಹಾಕಿದೆ. ಸ್ಕೇಲು ಕೈಗೆ ಸಿಕ್ಕಿತು. ಅವರ ಮುಖ ನೋಡಿದೆ, ಹಬ್ಬದ ದಿನದ ಮಗುವಿನ ಮುಖ. ಈಗ ಇದನ್ನು ತೆಗೆದರೆ ಚಿತ್ರ ಇಳಿಯುತ್ತದೆ, ಮೊಳೆ ಖಾಲಿಯಾಗುತ್ತದೆ, ಸರಿ. ಆದರೆ ಆಮೇಲೆ ಅವರು ನನ್ನನ್ನು ನೋಡುವುದು ಚಿತ್ರ ಇಳಿಸಿದವಳನ್ನು ನೋಡುವ ಹಾಗೆ. ಅದು ನನಗೆ ಬೇಡವಾಗಿತ್ತು. ಕೈಯನ್ನು ಬರಿದೇ ಹೊರಗೆ ತೆಗೆದು ಇನ್ನೊಂದು ಪೋಗಾಚಾ ತಿಂದೆ.

ಹಾಗಾಗಿ ನಿನಗೆ ಬರೆಯುತ್ತಿದ್ದೇನೆ. ಒಳ್ಳೆಯತನ ಅಂದುಕೊಳ್ಳಬೇಡ.

ಎಟೆಲ್ಕಾ


ಗ್ರೆನೋಬಲ್, 2 ಡಿಸೆಂಬರ್ 1992

ಎಟೆಲ್ಕಾ,

ಶಾಲೆಯ ಸ್ಕೇಲು ಹಿಡಿದು ನನ್ನ ಮೂರು ವರ್ಷವನ್ನು ಅಳೆದೆಯಾ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನೀನು ಮೊಸರಿನಲ್ಲಿ ಕಲ್ಲು ಹುಡುಕುವವಳು ಅಂತ ಗೊತ್ತಿತ್ತು. ನನ್ನ ಬಟ್ಟಲಿನಲ್ಲೇ ಹುಡುಕುತ್ತೀ ಅಂತ ಗೊತ್ತಿರಲಿಲ್ಲ.

ಈ ಚಿತ್ರವನ್ನು ಇಲ್ಲಿಯವರು ನೋಡಿದ್ದಾರೆ, ಪ್ಯಾರಿಸ್ಸಿನವರು ನೋಡಿದ್ದಾರೆ, ಪತ್ರಿಕೆಯ ಪರಿಶೀಲಕರು ನೋಡಿದ್ದಾರೆ. ಯಾರಿಗೂ ಕಾಣದ್ದು ನಿನಗೆ ಮಾತ್ರ ಕಂಡಿತು. ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆ ಮೊಳೆ ನಿನಗೆ ಬೇಕು. ಹೋಗಿ ಕಿತ್ತುಕೊಂಡು ಬಾ. ನನ್ನ ಹೆಗಲ ಮೇಲೆ ಹತ್ತಿ ಕೀಳಬೇಡ.

ವೇರ್ಟೆಶ್ ಬೋರ್ಬಾಲಾ


ಬುಡಾಪೆಸ್ಟ್, 20 ಡಿಸೆಂಬರ್ 1992

ಬೋರಿ,

ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೀ. ತೆರಿಗೆ ಕಚೇರಿಯಿಂದ ಬಂದ ಕಾಗದ ಅಂದುಕೊಂಡೆ.

ಹೌದು, ನನಗೆ ಹೊಟ್ಟೆಕಿಚ್ಚು. ನಿನ್ನ ಯಂತ್ರದ ಮೇಲೆ, ನಿನ್ನ ಊರಿನ ಮೇಲೆ, ಮೇಷ್ಟ್ರು ನಿನಗೆ ಕೈಯಾರೆ ಬರೆದ ಕಾಗದದ ಮೇಲೆ. ಎದುರು ಕೋಣೆಯಲ್ಲಿ ಇರುವ ನನಗೆ ಅವರು ಯಾವತ್ತು ಕಾಗದ ಬರೆದಾರು? ಆ ಮೊಳೆ ನನಗೆ ಬೇಕು, ಅದೂ ನಿಜ. ಆದರೆ ನನ್ನ ಹೊಟ್ಟೆಯೊಳಗೆ ಏನಿದೆ ಅನ್ನುವುದು ನಿನ್ನ ಕೋಣೆಗಳಿಗೆ ಗೊತ್ತಿಲ್ಲ. ಅವು ಎಂಟೇ ಇವೆ.

ಒಂದೇ ಒಂದು ಕೆಲಸ ಮಾಡು. ಕತ್ತರಿಯ ದೂರವನ್ನು ಎರಡು ಪಟ್ಟು ಮಾಡಿ ಇನ್ನೊಮ್ಮೆ ಓಡಿಸು. ಆಗಲೂ ಎಂಟು ಬಂದರೆ ನಾನು ಗ್ರೆನೋಬಲ್‌ಗೆ ಬಂದು ನಿನ್ನ ಯಂತ್ರಕ್ಕೆ ಅಡ್ಡ ಬೀಳುತ್ತೇನೆ. ನಾಲ್ಕು ಬಂದರೆ, ಏನು ಅಂತ ನಿನಗೇ ಗೊತ್ತು.

ಜೊತೆಗಿರುವ ಬೇಯ್ಗ್ಲಿ ಅಮ್ಮನದು, ನಿನ್ನದೇ ಅಕ್ರೋಟು. ಜಗಳ ಆಗಿದೆ ಅಂತ ಹೇಳಿದೆ. "ಜಗಳ ನಿಮ್ಮಿಬ್ಬರದು, ಹಬ್ಬ ನಂದು. ಕಟ್ಟಿ ಕಳ್ಸು, ಬೇಗ ತಿನ್ನೋಕೆ ಹೇಳು, ಒಣಗ್ಹೋಗತ್ತೆ" ಅಂದಳು. ಬೇಗ ತಿನ್ನು.

ಎಟೆಲ್ಕಾ


ಬುಡಾಪೆಸ್ಟ್, 7 ಮಾರ್ಚ್ 1993

ಬೋರಿ,

ಹೊಸವರ್ಷಕ್ಕೂ ಕಾಗದ ಇಲ್ಲ, ಅಮ್ಮನ ಬೇಯ್ಗ್ಲಿಗೂ ಉತ್ತರ ಇಲ್ಲ. ಅವಳು ದಿನಾ ಅಂಚೆಪೆಟ್ಟಿಗೆ ಇಣುಕಿ ನೋಡಿ, ನನ್ನನ್ನು ನೋಡಿ, ಒಳಗೆ ಹೋಗುತ್ತಾಳೆ. ಬೈದಿದ್ದರೆ ವಾಸಿ ಇತ್ತು.

ಸಭೆಯ ಕಾರ್ಯಕ್ರಮ ಅಚ್ಚಾಗಿ ಬಂದಿದೆ. ಕೊನೆಯ ಉಪನ್ಯಾಸ ನಿನ್ನದು, ದಪ್ಪ ಅಕ್ಷರದಲ್ಲಿ. ನನ್ನ ಹೆಸರೂ ಇದೆ, ಕೆಳಗೆ, ಸಣ್ಣ ಅಕ್ಷರದಲ್ಲಿ: ಸ್ಲೈಡುಗಳ ಹೊಣೆ, ಆಜ್ತಾಯ್ ಎಟೆಲ್ಕಾ. ಅಂದರೆ ದೀಪ ಆರಿಸಿ ನಿನ್ನ ಚಿತ್ರವನ್ನು ಪರದೆಯ ಮೇಲೆ ಮೂಡಿಸುವ ಭಾಗ್ಯ ನನ್ನದು. ಕೇಳಿದ್ದಕ್ಕೆ ಮೇಷ್ಟ್ರು, "ಬೇರೆ ಯಾರ ಕೈಗೆ ಕೊಟ್ರೂ ಸ್ಲೈಡು ತಲೆಕೆಳಗಾಗತ್ತೆ ಕಣೇ, ನೀನಾದ್ರೆ ನಂಗೆ ಧೈರ್ಯ" ಅಂದರು. ನಾನು ಧೈರ್ಯಕ್ಕೆ, ನೀನು ಹೆಮ್ಮೆಗೆ.

ಡ್ರೆಸ್ಡನ್ನಿನ ಹಾನ್‌ಷ್ಟೈನ್ ಬರುತ್ತಾನಂತೆ. ಅವನು ಮುಂದಿನ ಸಾಲಿನಲ್ಲಿ ಕೂತು ನಿದ್ದೆ ಮಾಡಿದವನ ಹಾಗೆ ಇದ್ದು, ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳುವವನು. ಅವನಿಗೂ ಎಣಿಸಲು ಬರುತ್ತದೆ. ಅವನು ಎದ್ದು "ಎಲ್ಲದರಲ್ಲೂ ಎಂಟೇ ಯಾಕೆ?" ಅನ್ನುತ್ತಾನೆ, ನೀನು ಬಾಯಿ ತೆರೆಯುತ್ತೀ, ಮೇಷ್ಟ್ರು ಪಕ್ಕದಲ್ಲೇ ಕೂತಿರುತ್ತಾರೆ. ಪಾತ್ರೆ ತೊಳೆಯುವಾಗ ನಾನು ಈ ದೃಶ್ಯವನ್ನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿಸಿ ನೋಡಿದ್ದೇನೆ. ಖುಷಿಯೂ ಆಗಿದೆ. ಆದರೆ ಪ್ರತಿ ಸಲವೂ ಕೊನೆಯಲ್ಲಿ ಮೇಷ್ಟ್ರ ಮುಖ ಕಾಣುತ್ತದೆ, ಅಲ್ಲಿಗೆ ಖುಷಿ ಹಳಸಿಹೋಗುತ್ತದೆ.

ಓಡಿಸಿ ನೋಡಿದೆಯಾ, ಇಲ್ಲವಾ? ಅಷ್ಟು ಹೇಳು.

ಎಟಾ


ಗ್ರೆನೋಬಲ್, 11 ಏಪ್ರಿಲ್ 1993, ಈಸ್ಟರ್

ಎಟಾ,

ಜನವರಿಯಲ್ಲೇ ಓಡಿಸಿದೆ. ಕತ್ತರಿಯ ದೂರ ಎರಡು ಪಟ್ಟು ಮಾಡಿದೆ, ನಾಲ್ಕು ಕೋಣೆ ಬಂತು. ಅರ್ಧ ಮಾಡಿದೆ, ಹದಿನಾರು ಬಂತು. ಕತ್ತರಿಯನ್ನು ಪೂರ್ತಿ ತೆಗೆದು, ದೂರದವರನ್ನೂ ಲೆಕ್ಕಕ್ಕೆ ಹಿಡಿದು, ಸಣ್ಣ ಪೆಟ್ಟಿಗೆಯಲ್ಲಿ ಫೆಬ್ರವರಿಯೆಲ್ಲ ಓಡಿಸಿದೆ. ಕೋಣೆಯೇ ಇಲ್ಲ. ಗೆರೆಗಳು ಅಲ್ಲೊಂದು ಇಲ್ಲೊಂದು ಅನಾಥರ ಹಾಗೆ ಬಿದ್ದಿದ್ದವು. ದೂರದವರು ಯಾರೋ ಏನೋ ಅಂದಿದ್ದೆನಲ್ಲ, ಅವರೆಲ್ಲ ಸೇರಿದರೆ ಹತ್ತಿರದವರಷ್ಟೇ ಜೋರಾಗಿ ನೂಕುತ್ತಾರೆ.

ಮೇಷ್ಟ್ರ ಗೋಡೆಯಲ್ಲಿ ನೇತಾಡುತ್ತಿರುವುದು ನನ್ನ ಕತ್ತರಿಯ ಚಿತ್ರ.

ನಿನಗೆ ಬರೆಯಲಿಲ್ಲ, ಯಾಕೆಂದರೆ ನೀನು ಹೇಳಿದ್ದು ಸರಿ ಅನ್ನುವುದಕ್ಕಿಂತ ನೀನು ಹೇಳಿದ್ದು ಅನ್ನುವುದೇ ನನ್ನನ್ನು ಸುಡುತ್ತಿತ್ತು. ಬೇರೆ ಯಾರು ಹೇಳಿದ್ದರೂ ಮಾರನೆಯ ದಿನವೇ ಒಪ್ಪಿಕೊಳ್ಳುತ್ತಿದ್ದೆ. ನೀನು ಅನ್ನುತ್ತೀ ನಿನಗೆ ಹೊಟ್ಟೆಕಿಚ್ಚು ಅಂತ. ನಾನು ಕಂಪ್ಯೂಟರಿಗೆ ಯಾಕೆ ಹೋದೆ ಅಂತ ಯಾವತ್ತಾದರೂ ಯೋಚಿಸಿದ್ದೀಯಾ? ಮೈಕ್ರೋಸ್ಕೋಪಿನಲ್ಲಿ ನಿನಗೆ ಕಾಣುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲ. "ಕಂಡಿತು, ಕಂಡಿತು" ಅಂತ ತಲೆಯಾಡಿಸುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ಬರೀ ಬೂದು ಬಣ್ಣ. ಮೇಷ್ಟ್ರು ನಿನಗೆ "ಈ ಹುಡುಗಿಗೆ ಕಣ್ಣಿದೆ" ಅಂದ ದಿನ ನಾನು ಮನೆಗೆ ನಡೆದುಕೊಂಡು ಹೋದೆ, ಟ್ರಾಮಿನಲ್ಲಿ ಅಳುವುದು ಬೇಡ ಅಂತ.

ನಾನು ಸಭೆಗೆ ಬರುವುದಿಲ್ಲ. ಹುಷಾರಿಲ್ಲ ಅಂತ ತಂತಿ ಕೊಡುತ್ತೇನೆ. ಕೊನೆಯ ಉಪನ್ಯಾಸ ನೀನು ಮಾಡು. ನಿನ್ನ ಬಳಿ ಚಿತ್ರಗಳಿವೆ, ಅವು ಸರಿಯಾಗಿವೆ. ಮೇಷ್ಟ್ರಿಗೆ ನಾನು ಬರೆಯುತ್ತೇನೆ.

ಬೇಯ್ಗ್ಲಿಯನ್ನು ಒಂದೇ ದಿನದಲ್ಲಿ ತಿಂದು ಮುಗಿಸಿದೆ ಅಂತ ಅಮ್ಮನಿಗೆ ಹೇಳು.

ಬೋರಿ


ಬುಡಾಪೆಸ್ಟ್, 19 ಏಪ್ರಿಲ್ 1993

ಬೋರಿ,

ಆ ಉಪನ್ಯಾಸ ನನಗೆ ಬೇಕು. ಎಷ್ಟು ಬೇಕು ಅಂತ ನಿನಗೆ ಹೇಳಲಾರೆ. ನಿನ್ನ ಕಾಗದ ಓದಿದ ಮೇಲೆ ನೀಲಿ ಉಡುಪನ್ನು ಹೊರಗೆ ತೆಗೆದು, ಕನ್ನಡಿಯ ಮುಂದೆ ಹಿಡಿದು, "ಮಾನ್ಯರೇ" ಅಂತ ಎರಡು ಸಲ ಹೇಳಿಯೂ ನೋಡಿದೆ. ಅಮ್ಮ ಬಾಗಿಲಲ್ಲಿ ನಿಂತು, "ಯಾರ ಮದ್ವೇನೇ?" ಅಂದಳು.

ಆಮೇಲೆ ಉಡುಪನ್ನು ಮಡಿಚಿಟ್ಟೆ. ನಿನ್ನ ಎಂಜಲು ನನಗೆ ಬೇಡ. ನೀನು ಬರದೆ ಹೋದರೆ ಎಲ್ಲರೂ, "ಪಾಪ, ಬೋರಿ ಇದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು" ಅಂತ ಅಂದುಕೊಳ್ಳುತ್ತಲೇ ನನ್ನ ಮಾತು ಕೇಳುತ್ತಾರೆ. ಇಲ್ಲದ ನಿನ್ನ ಜೊತೆ ನಾನು ಹೇಗೆ ಪೈಪೋಟಿ ಮಾಡಲಿ? ಇರುವ ನಿನ್ನ ಜೊತೆಗೇ ಸಾಕುಸಾಕಾಗಿದೆ.

ಬಾ. ಎಂಟು ಕೋಣೆಯ ಚಿತ್ರ ತಾ, ನಾಲ್ಕು ಕೋಣೆಯದನ್ನೂ ತಾ, ಕೋಣೆಯೇ ಇಲ್ಲದ್ದನ್ನೂ ತಾ. ಹಾನ್‌ಷ್ಟೈನ್ ಕೇಳುವ ಮುಂಚೆ ನೀನೇ ಹೇಳಿಬಿಡು. ಎರಡು ಸ್ಲೈಡ್ ಯಂತ್ರ ಇಟ್ಟು ಅಕ್ಕಪಕ್ಕ ಮೂಡಿಸುತ್ತೇನೆ, ಒಂದೂ ತಲೆಕೆಳಗಾಗುವುದಿಲ್ಲ. ಮೇಷ್ಟ್ರಿಗೆ ಈಗ ಏನೂ ಬರೆಯಬೇಡ. ಅವರು ಕಾಗದದಲ್ಲಿ ಓದಿ ಒಬ್ಬರೇ ಕೂರುವುದಕ್ಕಿಂತ ಎದುರಿಗೆ ನಿನ್ನನ್ನು ನೋಡಿಯೇ ತಿಳಿಯಲಿ.

ಆ ಬೂದು ಬಣ್ಣದ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ದಿನ ಟ್ರಾಮು ಬಿಟ್ಟು ನಿನ್ನ ಜೊತೆ ನಡೆದು ಬರುತ್ತಿದ್ದೆ ಅನ್ನಲಾರೆ. ಆಗ ನನಗೆ ನನ್ನ ಕಣ್ಣಿನದೇ ಸಡಗರ. ಈಗ ಬಾ, ನಿಲ್ದಾಣಕ್ಕೆ ಬರುತ್ತೇನೆ.

ಎಟಾ


ಬುಡಾಪೆಸ್ಟ್, 14 ಜೂನ್ 1993

ಪ್ರೀತಿಯ ಬೋರಿ,

ನೀನು ಸಭೆ ಮುಗಿದ ಸಂಜೆಯೇ ರೈಲು ಹತ್ತಿದೆ. ಅದರಿಂದ ನಿನಗೆ ಗೊತ್ತಿಲ್ಲದ ಸಂಗತಿಗಳು ಇವೆ. ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಹೊಟ್ಟೆ ಇನ್ನೂ ತಣ್ಣಗಾಗಿಲ್ಲ.

ಹತ್ತು ವರ್ಷದಲ್ಲಿ ನಾನು ಸರಿಯಾದ ಚಿತ್ರಗಳನ್ನು ಎಷ್ಟು ಸಭೆಗಳಲ್ಲಿ ತೋರಿಸಿದ್ದೇನೆ? ಜನ ಎರಡು ಚಪ್ಪಾಳೆ ತಟ್ಟಿ ಕಾಫಿಗೆ ಎದ್ದು ಹೋಗಿದ್ದಾರೆ. ನೀನು ನಿಂತು, "ನಿಮ್ಮ ಎದುರಿಗಿರುವ ಈ ಚಿತ್ರ ತಪ್ಪು" ಅಂದೆ. ಅವರು ಎದ್ದು ನಿಂತು ತಟ್ಟಿದರು! ಆ ಹಾನ್‌ಷ್ಟೈನ್ ನಿದ್ದೆ ಬಿಟ್ಟು ನಕ್ಕು, ತನ್ನದೇ ಹಳೆಯ ಚಿತ್ರಗಳನ್ನು ಊರಿಗೆ ಹೋಗಿ ಎಣಿಸುತ್ತೇನೆ ಅಂದ. ಬಿದ್ದರೂ ನೀನು ಹೂವಿನ ಮೇಲೇ ಬೀಳುತ್ತೀಯಲ್ಲ, ಅದನ್ನು ಹೇಗೆ ಕಲಿತೆ?

ಆಮೇಲೆ ನೀನು, "ಇದನ್ನು ಕಂಡವಳು ಆಜ್ತಾಯ್ ಎಟೆಲ್ಕಾ, ಶಾಲೆಯ ಸ್ಕೇಲಿನಿಂದ. ಅಲ್ಲಿದ್ದಾಳೆ" ಅಂತ ಕೈ ತೋರಿಸಿದೆ. ಎಲ್ಲರೂ ಹಿಂದಕ್ಕೆ ತಿರುಗಿದರು. ನಾನು ನಿಂತಿದ್ದದ್ದು ಎರಡು ಸ್ಲೈಡ್ ಯಂತ್ರಗಳ ಹಿಂದೆ. ಬೆಳಕೆಲ್ಲ ಅವರ ಕಣ್ಣಿಗೆ ಹೊಡೆಯಿತು, ಎಲ್ಲರೂ ಅಂಗೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿದರು, ಯಾರಿಗೂ ನಾನು ಕಾಣಲಿಲ್ಲ. ನೀಲಿ ಉಡುಪು ದಂಡ. ಮೇಷ್ಟ್ರು ಮಾತ್ರ ತಿರುಗಲಿಲ್ಲ. ಅವರು ಪರದೆಯನ್ನೇ ನೋಡುತ್ತ ಬೆರಳು ಮಡಿಚಿ ಎಣಿಸುತ್ತಿದ್ದರು.

ಈ ತಪ್ಪನ್ನು ಇಬ್ಬರೂ ಸೇರಿ ಪತ್ರಿಕೆಗೆ ಬರೆಯೋಣ, ನನ್ನ ಹೆಸರು ಮೊದಲು ಹಾಕುತ್ತೇನೆ ಅಂದಿದ್ದೆ. ಅಕ್ಷರಮಾಲೆಯ ಪ್ರಕಾರ ನನ್ನ ಹೆಸರು ಮೊದಲೇ ಬರುತ್ತದೆ. ನನ್ನದನ್ನೇ ನನಗೆ ಉಪಕಾರ ಮಾಡಿ ಕೊಡಬೇಡ.

ಈಗ ನಿನಗೆ ಗೊತ್ತಿಲ್ಲದ್ದು. ಮೇಷ್ಟ್ರು ನಿವೃತ್ತರಾಗಿ ಕೋಣೆ ಖಾಲಿ ಮಾಡಬೇಕಿತ್ತು. ಹೋದ ಶನಿವಾರ ಪುಸ್ತಕ ಕಟ್ಟಲು ನನ್ನನ್ನು ಕರೆದರು. ನಿನ್ನ ಚಿತ್ರ ಇನ್ನೂ ಮೊಳೆಯ ಮೇಲೇ ಇತ್ತು. ಅವರೇ ಕುರ್ಚಿ ಹತ್ತಿ ಇಳಿಸಿ ನನ್ನ ಕೈಗೆ ಕೊಟ್ಟು, "ತಗೋ, ಅಳೆದೋಳು ನೀನು, ನೀನೇ ಇಟ್ಕೋ" ಅಂದರು. ಆಗಲೂ ನನ್ನದು ಎಲ್ಲಿ ಅಂತ ನಾನು ಕೇಳಲಿಲ್ಲ. ಬೀರು ಸರಿಸಿದಾಗ ಹಿಂದೆ ಇಣುಕಿದೆ. ಧೂಳು, ಒಂದು ಛತ್ರಿ, ಅಷ್ಟೇ. ಸರಿ, ಎಸೆದಿದ್ದಾರೆ ಅಂದುಕೊಂಡೆ. ಅಳು ಮರೆಸಲು ಕೆಮ್ಮಿದೆ. ಧೂಳಿಗೆ ಕೆಮ್ಮು ಅಂದುಕೊಂಡು ಅವರು ಕಿಟಕಿ ತೆರೆದರು.

ಪೆಟ್ಟಿಗೆಗಳನ್ನು ಬುಡಾ ಕಡೆಯ ಅವರ ಮನೆಗೆ ಸಾಗಿಸಿದೆವು. ಅವರ ಹೆಂಡತಿ ಪನ್ನಿಯಮ್ಮ ಊಟಕ್ಕೆ ನಿಲ್ಲಿಸಿಕೊಂಡರು, ತಣ್ಣನೆಯ ಹುಳಿಚೆರ್ರಿ ಸೂಪು. ಕೂತು ತಲೆ ಎತ್ತಿದರೆ, ಊಟದ ಮೇಜಿನ ಎದುರು ಗೋಡೆಯಲ್ಲಿ ನನ್ನ ತಾಮ್ರ.

ಚಮಚ ಕೈಯಲ್ಲೇ ಉಳಿಯಿತು. ಪನ್ನಿಯಮ್ಮ, "ಹೂಂ, ನೋಡು ನೋಡು. ಹೋದ ಆಗಸ್ಟಿಂದ ಇದೇ ನನ್ನ ಗ್ರಹಚಾರ. ಅಲ್ಲಿ ನಮ್ಮಮ್ಮನ ಫೋಟೋ ಇತ್ತು ಕಣಮ್ಮ. ನಲವತ್ತು ವರ್ಷ ಇತ್ತು. ಈಯಪ್ಪ ಒಂದಿನ ಇದನ್ನ ಕಂಕುಳಲ್ಲಿ ಇಟ್ಕೊಂಡು ಟ್ರಾಮಲ್ಲಿ ಬಂದ್ರು. ನಮ್ಮಮ್ಮ ಈಗ ಚಪ್ಪಲಿ ಬಿಡೋ ಜಾಗದಲ್ಲಿದಾಳೆ" ಅಂದರು.

ಮೇಷ್ಟ್ರು ಸೂಪಿನ ಬಟ್ಟಲಿನಿಂದ ಮುಖ ಎತ್ತದೆ, "ನಿವೃತ್ತಿ ಹತ್ರ ಬಂತಲ್ಲ. ಆಫೀಸಲ್ಲಿ ಬಿಟ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ ಅಂತ ಮೊದ್ಲೇ ತಂದಿಟ್ಕೊಂಡೆ. ಅಲ್ಲಿ ಗೋಡೆ ಬೋಳಾಯ್ತು, ಅದಕ್ಕೆ ಬೋರೀದು ಹಾಕ್ದೆ. ನಿಂಗೆ ಗೊತ್ತಿರ್ಲಿಲ್ವಾ?" ಅಂದರು.

"ನೀವು ಹೇಳ್ಲಿಲ್ಲ."

"ನೀನು ಕೇಳ್ಲಿಲ್ವಲ್ಲೇ."

ಬೋರಿ, ಬೋಳಾಗಿದ್ದದ್ದು ನನ್ನ ಚಿತ್ರ ಹೋದ ಮೇಲಿನ ಗೋಡೆ. ಒಂಬತ್ತು ತಿಂಗಳು ನಾನು ಉರಿದದ್ದು ಇದಕ್ಕೆ. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಸ್ಕೇಲು ತೆಗೆಯುತ್ತಲೇ ಇರಲಿಲ್ಲ. ನಿನ್ನ ಎಂಟು ಕೋಣೆಗಳು ಇವತ್ತಿಗೂ ಸರಿಯಾಗಿಯೇ ಇರುತ್ತಿದ್ದವು.

ನಿನ್ನ ಚಿತ್ರವನ್ನು ಮೈಕ್ರೋಸ್ಕೋಪಿನ ಪಕ್ಕದ ಗೋಡೆಗೆ ಹಾಕಿಕೊಂಡಿದ್ದೇನೆ. ದಿನಾ ನೋಡುತ್ತೇನೆ. ಈಗಲೂ ತಪ್ಪೇ. ಈಗಲೂ ನನ್ನದಕ್ಕಿಂತ ಚೆಂದ.

ಊಟದ ಮೇಜಿನ ಸಂಗತಿಯನ್ನು ನಿನಗೆ ಹೇಳದೆಯೂ ಇರಬಹುದಿತ್ತು. ಇಷ್ಟು ವಿವರವಾಗಿ ಯಾಕೆ ಬರೆದೆ ಅಂದರೆ, ಅವರು ದಿನಕ್ಕೆ ಮೂರು ಹೊತ್ತು ಊಟ ಮಾಡುವುದು ನನ್ನ ಚಿತ್ರವನ್ನು ನೋಡಿಕೊಂಡು ಅಂತ ನಿನಗೆ ತಿಳಿಯಲಿ ಅಂತ. ನಿನಗೂ ಸ್ವಲ್ಪ ಹೊಟ್ಟೆ ಉರಿಯಲಿ ಅಂತ.

ನಿನ್ನ,
ಎಟಾ


ಗ್ರೆನೋಬಲ್, 23 ಜೂನ್ 1993

ಎಟಾ,

ಉರಿಯಿತು. ನೀನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಉರಿಯಿತು.

ನಿನ್ನ ತಾಮ್ರದ ಚಿತ್ರದ ಇನ್ನೊಂದು ಪ್ರತಿ ತೆಗೆದು ಕಳಿಸು, ದೊಡ್ಡದು. ಸ್ಕೇಲು ಕೊಂಡಿಟ್ಟಿದ್ದೇನೆ.

ಬೋರಿ